ಹುಳುವಿಗೂ ಒಂದು ಹೆಸರು ಬೇಕು

ಹಕ್ಕಿಯನ್ನು ಕುರಿತು ಬರೆದರೆ ಓದುವವರು ಹಲವರು. ಹಕ್ಕಿಯ ಹೊಟ್ಟೆಯೊಳಗಿನ ಹುಳುವನ್ನು ಕುರಿತು ಬರೆದರೆ ಪತ್ರಿಕೆಯನ್ನು ಮಡಿಸಿಡುವವರೇ ಹೆಚ್ಚು. ಕಾವ್ಯದಲ್ಲಿ ಹಂಸಕ್ಕೆ ಮಾನಸಸರೋವರವುಂಟು, ಚಕೋರಕ್ಕೆ ಬೆಳದಿಂಗಳುಂಟು, ಜಂತುವಿಗೆ ಏನಿದೆ? ಆದರೂ ಆ ಅಸಹ್ಯದ ಜೀವಿಯ ಹೆಸರನ್ನು ಸರಿಯಾಗಿ ಹೇಳಬಲ್ಲ ಒಬ್ಬನು, ಹಕ್ಕಿಯನ್ನು ಹಾಡಿ ಹೊಗಳುವ ಹತ್ತು ಮಂದಿಗಿಂತ ಅದಕ್ಕೆ ಹೆಚ್ಚು ಉಪಕಾರಿಯೆಂದು ನಾನು ನಂಬಿದ್ದೇನೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಅಲ್ಲಿನವರು ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಾಣುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಹೊರಗಿನವರ ಗಮನವನ್ನು ಈ ಊರಿನತ್ತ ಸೆಳೆದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಂಥ ಊರಿನಲ್ಲಿ 2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದವು. ಶವಪರೀಕ್ಷೆಯಲ್ಲಿ ಕಂಡದ್ದು ದುಂಡುಹುಳುಗಳ ಹಾವಳಿ.

ಹೆಸರು ತಿಳಿದು ಆಗುವುದೇನು ಎಂದು ಕೇಳುವವರುಂಟು. ಆಗುವುದು ಬಹಳ. ಹಕ್ಕಿಜ್ವರವೆಂದರೆ ಊರ ಕೋಳಿಗಳ ಮೇಲೆ ಕಣ್ಣು. ವಿಷವೆಂದರೆ ನೆರೆಯವನ ಮೇಲೆ ಅನುಮಾನ. ಹುಳುವೆಂದರೆ ಮೀನು ಮತ್ತು ನೀರಿನ ವಿಚಾರಣೆ. ಹೆಸರು ಬದಲಾದರೆ ಮಾಡಬೇಕಾದ ಕೆಲಸವೇ ಬದಲಾಗುತ್ತದೆ.

ಹೆಜ್ಜಾರ್ಲೆ, ನೀರುಕಾಗೆ ಮತ್ತು ಅನೇಕ ಕಡಲಹಕ್ಕಿಗಳ ಜಠರದಲ್ಲಿ ವಾಸಿಸುವ ಕಾಂಟ್ರಾಸೀಕಮ್ ಎಂಬ ಹುಳುವಿನ ಬಾಳನ್ನು ನೋಡಿ. ಅದರ ಮೊಟ್ಟೆಗಳು ಹಕ್ಕಿಯ ಹಿಕ್ಕೆಯೊಡನೆ ನೀರಿಗೆ ಬೀಳುತ್ತವೆ. ಮರಿಯನ್ನು ಸೂಕ್ಷ್ಮವಾದ ನೀರ್ಜೀವಿ ನುಂಗುತ್ತದೆ. ಅದನ್ನು ಮೀನು, ಮೀನನ್ನು ಹಕ್ಕಿ. ಸೆರೆಸಿಕ್ಕ ಹಕ್ಕಿಗೆ ಔಷಧ ಕೊಡಬಹುದು. ಬಿಟ್ಟೊಡನೆ ಅದು ಹೋಗಿ ತಿನ್ನುವುದು ಅದೇ ನೀರಿನ ಮೀನನ್ನು.

ಗುರುತಿಸುವ ಕೆಲಸ ಸುಲಭವಲ್ಲ. ಕೊಳೆಯುವ ಮುನ್ನ ಹುಳುವನ್ನು ಶೇಕಡಾ 70ರ ಮದ್ಯಸಾರದಲ್ಲಿ ಇಡಬೇಕು. ಸೂಕ್ಷ್ಮದರ್ಶಕದಡಿ ಬಾಯಿಯ ಮೂರು ತುಟಿಗಳನ್ನು, ಅವುಗಳ ನಡುವಣ ಕಿರುತುಟಿಗಳನ್ನು ನೋಡಬೇಕು. ಅನ್ನನಾಳದ ಬುಡದಿಂದ ಒಂದು ಚೀಲ ಹಿಂದಕ್ಕೆ, ಕರುಳಿನಿಂದ ಮತ್ತೊಂದು ಮುಂದಕ್ಕೆ, ಎದುರುಬದುರಾಗಿ ಚಾಚಿರುತ್ತವೆ. ರೈಯೆ ಮತ್ತು ಹೆನ್ರಿ 1912ರಲ್ಲಿ ಕೊಟ್ಟ ಹೆಸರಿನಲ್ಲಿ ಈ ಲಕ್ಷಣವೇ ಅಡಗಿದೆ. ಗಂಡಿನ ಬಾಲದ ಗುಬುಟುಗಳನ್ನು ಎಣಿಸದೆ ಜಾತಿಯನ್ನು ಹೇಳಲಾಗದು. ಅಷ್ಟಾದರೂ ಸಾಲದು. ಯೂರೋಪಿನ ನೀರುಕಾಗೆಗಳಲ್ಲಿ ಒಂದೇ ಜಾತಿಯೆಂದು ತಿಳಿದಿದ್ದ ಹುಳು, ಆನುವಂಶಿಕ ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳೆಂದು ತಿಳಿದುಬಂತು. ಆದರೆ ಯಂತ್ರ ಬಂತೆಂದು ಕಣ್ಣಿಗೆ ನಿವೃತ್ತಿ ಕೊಡಲಾದೀತೆ? ಯಂತ್ರಕ್ಕೆ ಕೊಡಬೇಕಾದ ಹುಳು ಯಾವುದು, ಹಕ್ಕಿಯ ಯಾವ ಅಂಗದಲ್ಲಿ ಎಷ್ಟಿತ್ತು ಎಂಬುದನ್ನು ಕಣ್ಣೇ ಹೇಳಬೇಕು.

ಇನ್ನೊಂದು ಎಚ್ಚರವೂ ಬೇಕು. ಹುಳು ಸಿಕ್ಕಿದ ಮಾತ್ರಕ್ಕೆ ಅದೇ ಕೊಲೆಗಾರನೆಂದು ತೀರ್ಪು ಕೊಡಬಾರದು. ಆರೋಗ್ಯವಾಗಿರುವ ಮೀನುಗುಳಿ ಹಕ್ಕಿಯ ಹೊಟ್ಟೆಯಲ್ಲೂ ಕೆಲವು ಹುಳುಗಳಿರುವುದು ಸಾಮಾನ್ಯ. ಹಸಿವು, ಕೆಟ್ಟ ನೀರು, ಬೇರೆ ರೋಗ ಹಕ್ಕಿಯನ್ನು ಮೊದಲೇ ಕುಗ್ಗಿಸಿದ್ದರೆ, ಹಳೆಯ ಬಾಡಿಗೆದಾರನೇ ಮನೆಯೊಡೆಯನಾಗಿಬಿಡುತ್ತಾನೆ. ಆದ್ದರಿಂದ ಹೆಸರಿನ ಜೊತೆಗೆ ಲೆಕ್ಕವೂ ಬೇಕು. ಸತ್ತ ಹಕ್ಕಿಯ ಲೆಕ್ಕವಷ್ಟೇ ಅಲ್ಲ, ಅದರೊಳಗಿನ ಹುಳುವಿನ ಲೆಕ್ಕ.

ವಿಜಯನಗರದ ನಿವಾಸಿಯಾದ ನನಗೆ ಇದು ದೂರದ ಮಾತಾಗಿ ತೋರುವುದಿಲ್ಲ. ಕೊಕ್ಕರೆ ಬೆಳ್ಳೂರಿನ ಕಡೆಗೆ ಸಾಗುವ ಮೈಸೂರು ರಸ್ತೆ ನಮ್ಮ ಕೆಂಗೇರಿಯನ್ನು ಹಾದೇ ಹೋಗುತ್ತದೆ. ರಾಜಾಜಿನಗರ, ಬಸವೇಶ್ವರನಗರಗಳ ಕಾಲೇಜುಗಳಿಂದ ಮಲ್ಲತ್ತಹಳ್ಳಿಯ ಕೆರೆ ಬಸ್ಸಿನ ದಾರಿ. ಜ್ಞಾನಭಾರತಿಯೂ ಅಲ್ಲೇ ಹತ್ತಿರ. ವೃಷಭಾವತಿ ಹೊತ್ತೊಯ್ಯುವ ಕೊಳೆ ನಮ್ಮ ಬಚ್ಚಲುಗಳದ್ದೇ. ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂಬಂತೆ, ನಾವು ಚೆಲ್ಲಿದ್ದೆಲ್ಲ ಕಡೆಗೆ ಯಾವುದೋ ನೀರಿಗೆ ಸೇರಲೇಬೇಕು.

ನನ್ನ ಸಲಹೆ ದೊಡ್ಡದಲ್ಲ. ಸತ್ತ ಕಾಡುಹಕ್ಕಿಯನ್ನು ವಿದ್ಯಾರ್ಥಿಗಳು ಮುಟ್ಟಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಇದೆ, ಸೋಂಕಿನ ಭಯವೂ ಇದೆ. ಅದನ್ನು ಅರಣ್ಯ ಇಲಾಖೆಗೆ ತಿಳಿಸಬೇಕು. ಆದರೆ ಮಾರುಕಟ್ಟೆಯ ಕೆರೆಮೀನಿನ ಮಾತು ಬೇರೆ. ಪ್ರಾಣಿಶಾಸ್ತ್ರದ ತರಗತಿಯಲ್ಲಿ ವಾರಕ್ಕೆ ನಾಲ್ಕು ಮೀನುಗಳನ್ನು ಸೀಳಿ, ಸಿಕ್ಕ ಮರಿಹುಳುಗಳನ್ನು ಬಿಡಿಸಿ, ಚಿತ್ರ ಬರೆದು, ಯಾವ ಕೆರೆಯ ಮೀನು, ಯಾವ ದಿನ ಎಂದು ಕನ್ನಡದಲ್ಲೇ ಗುರುತು ಹಾಕಿಡಲಿ. ಮರಿಯಿಂದ ಜಾತಿ ತಿಳಿಯದು, ನಿಜ. ಆದರೆ ಯಾವ ನೀರಿನಲ್ಲಿ ಹುಳು ಹೆಚ್ಚುತ್ತಿದೆ ಎಂಬುದು ಹಕ್ಕಿ ಸಾಯುವ ಮೊದಲೇ ತಿಳಿದೀತು.

ತವರಿಗೆ ಬಂದ ಮಗಳು ಕಾಯಿಲೆ ಬಿದ್ದರೆ ಕಣ್ಣೀರಿಡುವುದು ಪ್ರೀತಿಯೇ ಸರಿ. ಆದರೆ ಕಾಯಿಲೆ ಏನೆಂದು ವಿಚಾರಿಸದ ತವರನ್ನು ಯಾರೂ ಹೊಗಳುವುದಿಲ್ಲ.