ಕೃಷಿ ಪದವಿಗೆ ನೆಲದ ಹೊಣೆ ಬೇಡವೇ?

ಪ್ರತಿವರ್ಷ ಸಿ.ಇ.ಟಿ. ಫಲಿತಾಂಶ ಪ್ರಕಟವಾದೊಡನೆ ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ಒಂದೇ ಮಾತು ಕೇಳಿಬರುತ್ತದೆ: ಬಿ.ಎಸ್ಸಿ. ಅಗ್ರಿ ಸೀಟು ಸಿಕ್ಕರೆ ಸಾಕು, ನೌಕರಿ ಕಟ್ಟಿಟ್ಟ ಬುತ್ತಿ. ಕೃಷಿಕರ ಮಕ್ಕಳಿಗೆ ಮೀಸಲು ಸ್ಥಾನಗಳಿವೆ. ಅದಕ್ಕಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೆಳೆ, ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಬಲ್ಲವರಿಗೆ ಅಂಕ ದೊರೆಯುತ್ತದೆ. ಹೀಗೆ ಬೇಸಾಯದ ತಿಳಿವಳಿಕೆಯನ್ನು ಅಳೆದು ಒಳಗೆ ಕರೆದುಕೊಳ್ಳುವ ಈ ಶಿಕ್ಷಣವು, ನಾಲ್ಕು ವರ್ಷಗಳ ಬಳಿಕ ಅದೇ ಯುವಕ ಯುವತಿಯರನ್ನು ಹೊಲದಿಂದ ಎಷ್ಟು ದೂರ ಒಯ್ದು ನಿಲ್ಲಿಸುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಸಂಸ್ಥೆಗಳಿಗೇನೂ ಕೊರತೆಯಿಲ್ಲ. ಧಾರವಾಡದ ಕೃಷಿ ಕಾಲೇಜು 1947ರಲ್ಲಿ ಆರಂಭವಾಯಿತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ತಲೆಯೆತ್ತಿತು; 1986ರಲ್ಲಿ ಧಾರವಾಡಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ದೊರೆಯಿತು. ಬಾಗಲಕೋಟೆ, ರಾಯಚೂರು, ಶಿವಮೊಗ್ಗಗಳಲ್ಲಿ ಇನ್ನಷ್ಟು ಹುಟ್ಟಿಕೊಂಡವು. ಬೆಳಗಾವಿ ಜಿಲ್ಲೆಯೊಂದರಲ್ಲಿಯೇ ಅರಭಾವಿಯ ತೋಟಗಾರಿಕೆ ಕಾಲೇಜು, ಸಂಕೇಶ್ವರ ಮತ್ತು ನಿಪ್ಪಾಣಿಯ ಕೃಷಿ ಸಂಶೋಧನಾ ಕೇಂದ್ರಗಳು, ಎರಡು ಕೃಷಿ ವಿಜ್ಞಾನ ಕೇಂದ್ರಗಳು ಇವೆ. ಆದರೂ ಅದೇ ಜಿಲ್ಲೆಯ ಕೃಷ್ಣಾ ತೀರದಲ್ಲಿ ಸಾವಿರಾರು ಎಕರೆ ಕಪ್ಪುನೆಲ ಸವಳು-ಜವಳಾಗಿ ಬಿಳುಪೇರಿತು. ವಿದ್ಯೆ ಬೆಳೆದ ಜಿಲ್ಲೆಯಲ್ಲಿಯೇ ನೆಲ ಸಾಯುವುದು ಹೇಗೆ ಸಾಧ್ಯ?

ಪದವೀಧರರು ಸೇರುವ ಹುದ್ದೆಗಳನ್ನು ಒಂದೊಂದಾಗಿ ನೋಡಿದರೆ ಉತ್ತರ ಸಿಗುತ್ತದೆ. ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿಯ ಕೆಲಸವನ್ನು ವಿತರಣೆಯಾದ ಸಾಲ ಮತ್ತು ವಸೂಲಿಯಿಂದ ಅಳೆಯುತ್ತಾರೆ. 2000ದಿಂದ ಹೋಬಳಿಗೊಂದರಂತೆ ತೆರೆದ ರೈತ ಸಂಪರ್ಕ ಕೇಂದ್ರದ ಅಧಿಕಾರಿಯನ್ನು ಹಂಚಿದ ಬೀಜದ ಚೀಲ ಮತ್ತು ಸಹಾಯಧನದ ಕಡತಗಳಿಂದ ಅಳೆಯುತ್ತಾರೆ. ಗೊಬ್ಬರ, ಕೀಟನಾಶಕ ಕಂಪನಿಯ ಪ್ರತಿನಿಧಿಗೆ ತಿಂಗಳ ಮಾರಾಟದ ಗುರಿ. ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದವನಿಗೆ ನೋಂದಣಿಯಾದ ಎಕರೆ ಮತ್ತು ಸಾಗಿಸಿದ ಟನ್ನು. ವಿಶ್ವವಿದ್ಯಾಲಯದಲ್ಲಿ ಉಳಿದವನಿಗೆ ಪ್ರಕಟವಾದ ಪ್ರಬಂಧಗಳ ಸಂಖ್ಯೆ. ಇನ್ನು ಅನೇಕರು ಪದವಿಯನ್ನು ಕೆ.ಎ.ಎಸ್. ಪರೀಕ್ಷೆಯ ಮೆಟ್ಟಿಲನ್ನಾಗಿ ಮಾಡಿಕೊಳ್ಳುತ್ತಾರೆ. ಇವೆಲ್ಲವೂ ಗೌರವದ ಉದ್ಯೋಗಗಳೇ. ಆದರೆ ಒಂದು ಊರಿನ ಮಣ್ಣಿನ ಸಾವಯವ ಇಂಗಾಲ ಕುಸಿಯಿತೇ, ಅಂತರ್ಜಲ ಮೇಲೇರಿತೇ, ಬಾವಿಯ ನೀರು ಉಪ್ಪಾಯಿತೇ ಎಂಬುದಕ್ಕೆ ಇವರಲ್ಲಿ ಯಾರೂ ಉತ್ತರ ಕೊಡಬೇಕಾಗಿಲ್ಲ. ನೆಲ ಕೆಟ್ಟರೆ ಯಾರ ಸಂಬಳವೂ ನಿಲ್ಲುವುದಿಲ್ಲ, ರೈತನದೊಂದನ್ನು ಬಿಟ್ಟು.

ಈ ಮಾತಿಗೆ ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟಿದ ಕೃಷ್ಣೆ ಇಲ್ಲಿ ಹರಿಯುತ್ತಾಳೆ. ಪಕ್ಕದ ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿಗೆ ಒಂದು ಬೆಳೆಯ ಅವಧಿಯಲ್ಲಿ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಇಲ್ಲಿನ ಮಳೆ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಉಳಿದುದನ್ನು ಹೊಳೆಯಿಂದ ಎತ್ತಿ ಹಾಯಿಸಬೇಕು. ಕಪ್ಪು ಜೇಡಿಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಟ್ಟುಕೊಡುವುದಿಲ್ಲ. ವರ್ಷಗಟ್ಟಲೆ ಹೊಲ ತುಂಬ ನೀರು ಬಿಟ್ಟಾಗ ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ. ಬಿಸಿಲಿಗೆ ನೀರು ಆವಿಯಾದಂತೆ ಅದರೊಡನೆ ಮೇಲೆ ಬಂದ ಲವಣ ಮಣ್ಣಿನ ಮೇಲೆಯೇ ಉಳಿಯುತ್ತದೆ. ಮೊದಲು ಇಳುವರಿ ಕುಗ್ಗುತ್ತದೆ, ಆಮೇಲೆ ನಾಟಿ ಮಾಡಿದ ಕಣ್ಣು ಮೊಳೆಯುವುದೇ ಇಲ್ಲ. ಕೃಷಿ ಪದವಿಯ ಮಣ್ಣುವಿಜ್ಞಾನದ ಪಾಠದಲ್ಲಿ ಇದೆಲ್ಲವೂ ಉಂಟು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ಬಹಳ ಮಂದಿ. ನೀರು ಹಾಯಿಸುತ್ತಿದ್ದ ರೈತನ ಬದುವಿನ ಮೇಲೆ ನಿಂತು ಅದನ್ನು ಸಕಾಲದಲ್ಲಿ ಹೇಳುವ ಹುದ್ದೆ ಮಾತ್ರ ಯಾವ ಇಲಾಖೆಯಲ್ಲಿಯೂ ಇರಲಿಲ್ಲ.

ಅದೇ ಊರಿನಲ್ಲಿ ವಿಜ್ಞಾನದ ಇನ್ನೊಂದು ಮುಖವೂ ಕಂಡಿತು. 1969ರಲ್ಲಿ ಸ್ಥಾಪನೆಯಾದ ಕರ್ನಾಲ್‌ನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ರೂಪಿಸಿದ ವಿಧಾನದಂತೆ, ಉಗಾರ ಬುದ್ರುಕದ ಸವಳು ಹೊಲಗಳ ಅಡಿಯಲ್ಲಿ ರಂಧ್ರವಿರುವ ಕೊಳವೆಗಳ ಜಾಲವನ್ನು ಹೂಳಲಾಯಿತು. ಹೆಚ್ಚಿನ ನೀರು ಲವಣವನ್ನು ಹೊತ್ತು ಬಸಿದುಹೋಗಿ, ಕುಗ್ಗಿದ್ದ ಕಬ್ಬಿನ ಇಳುವರಿ ಮತ್ತೆ ಏರಿತು. ನೆಲ ತಿರುಗಿ ಬದುಕಬಲ್ಲುದು ಎಂಬುದು ಇದರಿಂದ ಸಿದ್ಧವಾಯಿತು.

ಆದರೆ ಕೊಳವೆಯ ಪಾಠ ಅಲ್ಲಿಗೇ ಮುಗಿಯುವುದಿಲ್ಲ. ನೀರಿಗೆ ಬದುವಿನ ಗಡಿ ಗೊತ್ತಿಲ್ಲ. ಒಬ್ಬ ರೈತ ತನ್ನ ಹೊಲವನ್ನಷ್ಟೇ ಬಸಿದರೆ ಪಕ್ಕದವನ ನೀರು ಇಳಿದುಬರುತ್ತದೆ. ಕೊಳವೆಗಳು ಮುಖ್ಯ ಕೊಳವೆಗೆ, ಅದು ಹಳ್ಳಕ್ಕೆ ಸೇರಬೇಕು; ಹಳ್ಳ ಹೂಳು ತುಂಬಿದರೆ ಎಲ್ಲವೂ ವ್ಯರ್ಥ. ಬಸಿದ ಉಪ್ಪುನೀರು ಕೆಳಗಿನ ಊರಿಗೆ ಹೋಗುತ್ತದೆಂಬ ಲೆಕ್ಕವನ್ನೂ ಯಾರಾದರೂ ಇಡಬೇಕು. ಮೇಲೆ ನೀರು ಹಾಯಿಸುವ ಪದ್ಧತಿ ಹಾಗೆಯೇ ಮುಂದುವರಿದರೆ ಕೆಳಗಿನ ಕೊಳವೆ ಎಷ್ಟನ್ನು ತಡೆದೀತು? ಇದು ಊರು ಸೇರಿ, ವರ್ಷವರ್ಷವೂ ಮಾಡಬೇಕಾದ ಕೆಲಸ. ಅದಕ್ಕೆ ಊರಿನಲ್ಲಿಯೇ ನಿಂತ ಒಬ್ಬ ವಿಜ್ಞಾನಿ ಬೇಕು. ಯೋಜನೆಗೆ ಮುಕ್ತಾಯದ ದಿನಾಂಕವಿರುತ್ತದೆ, ಉಪ್ಪಿಗೆ ಇರುವುದಿಲ್ಲ.

ಇದೇ ಸೀಮೆ ಕಂಡ ಮತ್ತೊಂದು ನಿದರ್ಶನ 2002ರದು. ಸಾಂಗ್ಲಿ ಭಾಗದಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆಹೇನು ಬಹುಬೇಗನೆ ಬೆಳಗಾವಿ, ಬಾಗಲಕೋಟೆಗಳ ಕಬ್ಬನ್ನು ಆವರಿಸಿತು. ಆಳೆತ್ತರ ಮೀರಿದ ಕಬ್ಬಿನೊಳಗೆ ಔಷಧ ಹೊಡೆಯುವುದೇ ದುಸ್ತರ. ಅಂಗಡಿಯ ಬಾಟಲಿ ಅಲ್ಲಿ ಸೋತಿತು. ಡಿಫಾ, ಮೈಕ್ರೋಮಸ್ ಎಂಬ ಪರಭಕ್ಷಕ ಕೀಟಗಳನ್ನು ಗುರುತಿಸಿ, ಬೆಳೆಸಿ, ಹೊಲಗಳಿಗೆ ಬಿಟ್ಟಾಗ ಹೇನು ಹತೋಟಿಗೆ ಬಂದಿತು. ಆ ಗೆಲುವು ದೊರೆತದ್ದು ಗರಿಯನ್ನು ಮಗುಚಿ ನೋಡುವ ಕಣ್ಣಿದ್ದ ಕೃಷಿ ವಿಜ್ಞಾನಿಗಳಿಂದ, ಅವರನ್ನು ನಂಬಿ ಸಿಂಪಡಣೆ ನಿಲ್ಲಿಸಿದ ರೈತರಿಂದ.

ಕೃಷ್ಣಾ ತೀರದ ಕಬ್ಬಿಗೂ ಘಟ್ಟದ ಮೇಲಿನ ಅಡಕೆಗೂ ಏನು ಸಂಬಂಧ ಎಂದು ಮಲೆನಾಡಿನ ಓದುಗರು ಕೇಳಬಹುದು. ಸಂಬಂಧ ಹತ್ತಿರದ್ದೇ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಅಡಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ತೋಟಿಗರ ಕೈಗೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣ ಬಂದದ್ದು ಆ ಕೆಲಸದ ಫಲ. ನೂರು ವರ್ಷಗಳ ಮೇಲಾದರೂ ಮಲೆನಾಡು ಅದನ್ನೇ ನೆಚ್ಚಿಕೊಂಡಿದೆ. ಇಂದು ಅದೇ ಮಲೆನಾಡಿನಲ್ಲಿ ಎಲೆಚುಕ್ಕಿ ರೋಗ ತೋಟದಿಂದ ತೋಟಕ್ಕೆ ಹಬ್ಬುತ್ತಿದೆ. ಭತ್ತದ ಗದ್ದೆಗಳು ಶುಂಠಿಗೆ ಗೇಣಿಯಾಗಿ, ವಿಷ ಕುಡಿದು, ಎರಡು ಫಸಲಿಗೆ ಬರಡಾಗುತ್ತಿವೆ. ಸೊಪ್ಪಿನ ಬೆಟ್ಟ ಬೋಳಾಗುತ್ತಿದೆ. ತೋಟಿಗನು ಸಲಹೆ ಕೇಳಬಹುದಾದ ಅತಿ ಹತ್ತಿರದ ಕೃಷಿ ಪದವೀಧರನು ಔಷಧದಂಗಡಿಯ ಗಲ್ಲದ ಹಿಂದೆ ಕುಳಿತಿದ್ದಾನೆ. ಮದ್ದು ಬರೆಯುವವನೇ ಮದ್ದು ಮಾರುವವನಾದರೆ ‘ಈ ಸಲ ಏನೂ ಹೊಡೆಯಬೇಡಿ’ ಎಂಬ ಸಲಹೆ ಯಾರ ಬಾಯಿಂದ ಬಂದೀತು? 2002ರ ಕೃಷಿ ಚಿಕಿತ್ಸಾಲಯ ಯೋಜನೆಯ ಹೆಸರಿನಲ್ಲಿ ಚಿಕಿತ್ಸೆಯಿತ್ತು. ಆದರೆ ಸಲಹೆಗೆ ಹಣ ಕೊಡುವ ವ್ಯವಸ್ಥೆಯಿಲ್ಲದ ಕಡೆ ಚಿಕಿತ್ಸಾಲಯವೂ ಅಂಗಡಿಯಾಗದೆ ಬದುಕಲಾರದು. ಉಗಾರದಲ್ಲಿ ಉಪ್ಪಾಗಿ ಕಂಡದ್ದು ಇಲ್ಲಿ ಬೇರೆ ರೂಪದಲ್ಲಿ ಬರುತ್ತಿದೆ, ಅಷ್ಟೆ.

ಹಾಗೆಂದು ವಿದ್ಯಾರ್ಥಿಗಳನ್ನು ದೂಷಿಸುವುದು ಅನ್ಯಾಯ. ಸಾಲ ಮಾಡಿ ಓದಿಸಿದ ತಂದೆತಾಯಿಗಳಿಗೆ ತಿಂಗಳ ಸಂಬಳ ಬೇಕು. ‘ಪದವಿ ಪಡೆದು ಊರಿಗೆ ಹೋಗಿ ಬೇಸಾಯ ಮಾಡಿ’ ಎಂದು ಘಟಿಕೋತ್ಸವದಲ್ಲಿ ಉಪದೇಶ ಮಾಡುವ ಗಣ್ಯರ ಮಕ್ಕಳು ಎಲ್ಲಿದ್ದಾರೆಂದು ಎಲ್ಲರಿಗೂ ಗೊತ್ತು. ನೆಲಕ್ಕೆ ಉತ್ತರದಾಯಿಯಾದ ಉದ್ಯೋಗವನ್ನು ಸೃಷ್ಟಿಸದೆ ಯುವಕರು ನೆಲ ಬಿಟ್ಟರೆಂದು ಮರುಗುವುದು ಮೊಸಳೆ ಕಣ್ಣೀರು.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. ಮೊದಲನೆಯದು: ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಯಲ್ಲಿ ನೆಲೆಸಿ ಕಲಿಯುವ ಗ್ರಾಮೀಣ ಕಾರ್ಯಾನುಭವ ಶಿಬಿರವು, ನಕ್ಷೆ ಬರೆದು, ಮೇಳ ಮಾಡಿ, ಮುಂದಿನ ವರ್ಷ ಬೇರೆ ಊರಿಗೆ ಸಾಗುವ ಸಂಪ್ರದಾಯವಾಗಬಾರದು. ಒಂದು ಕಾಲೇಜು ಒಂದು ಹಳ್ಳದ ಜಲಾನಯನವನ್ನು ಕನಿಷ್ಠ ಹತ್ತು ವರ್ಷ ಹಿಡಿಯಲಿ. ಮಣ್ಣು, ಬಾವಿ, ರೋಗಗಳ ದಾಖಲೆಯನ್ನು ಒಂದು ತಂಡ ಮುಂದಿನ ತಂಡಕ್ಕೆ ಒಪ್ಪಿಸಲಿ. ಅದರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ. ಎರಡನೆಯದು: ಕೆಲವು ಪಂಚಾಯಿತಿಗಳಿಗೊಬ್ಬರಂತೆ, ಏನನ್ನೂ ಮಾರದ, ಸಹಾಯಧನ ಹಂಚದ, ನೆಲ ಮತ್ತು ನೀರಿನ ಸ್ಥಿತಿಯನ್ನು ಪ್ರತಿವರ್ಷ ಗ್ರಾಮಸಭೆಯ ಮುಂದಿಡುವ ಪದವೀಧರ ಹುದ್ದೆ ನಿರ್ಮಾಣವಾಗಲಿ. ಮೂರನೆಯದು: ಅದರ ವೆಚ್ಚದಲ್ಲಿ ಬೆಳೆಯಿಂದ ಲಾಭ ಪಡೆಯುವವರು ಪಾಲು ಕೊಡಲಿ. 2025ರ ನವೆಂಬರಿನಲ್ಲಿ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3500 ರೂಪಾಯಿ ಕೇಳಿ ಹೋರಾಡಿದರು. ಆ ನ್ಯಾಯವಾದ ಹೋರಾಟದ ಮುಂದಿನ ಹೆಜ್ಜೆಯಾಗಿ, ಪ್ರತಿ ಟನ್ನಿನಲ್ಲಿ ನೆಲದ ಪಾಲೆಷ್ಟು ಎಂದೂ ಕಾರ್ಖಾನೆಗಳನ್ನು ಕೇಳಬೇಕು. ಘಟ್ಟದ ಅಡಕೆ ಸಹಕಾರಿ ಸಂಘಗಳನ್ನೂ ಅದೇ ಪ್ರಶ್ನೆ ಕೇಳಬೇಕು.

ಈ ವರ್ಷ ಕೃಷಿ ಕಾಲೇಜಿಗೆ ಹೊರಟಿರುವ ಮಲೆನಾಡಿನ ವಿದ್ಯಾರ್ಥಿಗಳು ಬ್ಯಾಂಕು, ಕಂಪನಿಗಳ ಪರೀಕ್ಷೆ ಬರೆಯಲಿ, ತಪ್ಪಿಲ್ಲ. ಆದರೆ ತರಗತಿಯಲ್ಲಿ ಎದ್ದು ನಿಂತು ಈ ಒಂದು ಪ್ರಶ್ನೆಯನ್ನು ಕೇಳುವುದನ್ನು ಮರೆಯದಿರಲಿ: ಇಲ್ಲಿ ಕಲಿತದ್ದನ್ನು ಊರಿನ ಮಣ್ಣಿಗೆ ಲೆಕ್ಕ ಒಪ್ಪಿಸುವ ಕೆಲಸ ಎಲ್ಲಿದೆ? ಸಾವಿರ ಬಾಯಿಗಳು ಕೇಳುವವರೆಗೆ ಆ ಹುದ್ದೆ ಯಾವ ಆದೇಶದಲ್ಲಿಯೂ ಹುಟ್ಟುವುದಿಲ್ಲ.