ತೂಕದ ಯಂತ್ರದ ಮೇಲೆ ನಿಂತ ಮಗಳ ಪರವಾಗಿ

ಮಾನ್ಯರೇ,

ಕ್ರೀಡಾ ಆಡಳಿತದಲ್ಲಿನ ತಮ್ಮ ಪದವಿಯ ಮೇಲಿನ ಗೌರವ ನನಗೆ ಇನ್ನೂ ಉಳಿದಿದೆ. ಆದ್ದರಿಂದಲೇ ಮೊದಲು ತಮಗೊಬ್ಬರಿಗೇ ಎರಡು ಸಲ ಬರೆದೆ. ಎರಡಕ್ಕೂ ಉತ್ತರ ಬರಲಿಲ್ಲ. ಮೂರನೆಯದನ್ನು ನಾಲ್ಕು ಜನರ ಮುಂದೆ ಇಡುತ್ತಿದ್ದೇನೆ.

2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ತೂಕಕ್ಕೆ ನಿಂತಾಗ 50 ಕೆ.ಜಿ. ಮೇಲೆ 100 ಗ್ರಾಂ ಹೆಚ್ಚಿತ್ತು. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿಯವರೆಗೆ ಸೋತೇ ಇರದಿದ್ದ ಜಪಾನಿನ ಯುಯಿ ಸುಸಾಕಿಯನ್ನು ಹಿಂದಿನ ದಿನವಷ್ಟೇ ಸೋಲಿಸಿ ಅವರು ಫೈನಲ್ ತಲುಪಿದ್ದರು. ಸೆಮಿಫೈನಲ್ ಮುಗಿದಾಗ 2.7 ಕೆ.ಜಿ. ಇಳಿಸಬೇಕಿತ್ತು. ರಾತ್ರಿಯೆಲ್ಲ ಬೆವರು ಹರಿಸಿದರು, ಕೊನೆಗೆ ತಲೆಗೂದಲಿಗೂ ಕತ್ತರಿ ಹಾಕಿದರು. ಸಾಲಲಿಲ್ಲ. ಗೆದ್ದ ಮೂರೂ ಪಂದ್ಯಗಳು ಲೆಕ್ಕಕ್ಕಿಲ್ಲದಂತಾಗಿ ಹೆಸರು ಪಟ್ಟಿಯ ಕೊನೆಗೆ ಹೋಯಿತು.

ಆ ತಿಂಗಳ ಕೊನೆಯಲ್ಲಿ ತಾವು ನಮ್ಮೂರಿಗೆ ಬಂದಿದ್ದಿರಿ. ವೇದಿಕೆಯ ಮೇಲೆ ಕಣ್ಣೊರೆಸಿಕೊಂಡಿರಿ. ನಮ್ಮ ಮಕ್ಕಳಿಗೆ ಈ ಗತಿ ಬರಲು ಬಿಡುವುದಿಲ್ಲ ಎಂದಿರಿ. ಪ್ರತಿ ಕ್ರೀಡಾ ವಸತಿ ನಿಲಯಕ್ಕೆ ಆಹಾರ ತಜ್ಞರು ಬರುತ್ತಾರೆ, ತೂಕ ನಡೆಯುವ ಕಡೆ ವೈದ್ಯರಿರುತ್ತಾರೆ, ವರ್ಷದ ಆರಂಭದಲ್ಲೇ ಪ್ರತಿ ಮಗುವಿನ ಕನಿಷ್ಠ ತೂಕ ಗೊತ್ತುಮಾಡಿ ಅದಕ್ಕಿಂತ ಕೆಳಗಿನ ವಿಭಾಗಕ್ಕೆ ಇಳಿಯಗೊಡುವುದಿಲ್ಲ ಎಂದಿರಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ನನ್ನ ಮಗಳು ಅಂದು ಮೊದಲ ಸಾಲಿನಲ್ಲಿ ಕೂತಿದ್ದಳು.

ಈಗ ಅವಳಿಗೆ ಹದಿನಾರು. ತಮ್ಮ ಅಧ್ಯಕ್ಷತೆಯಲ್ಲೇ ನಡೆದ ಕಳೆದ ಕುಸ್ತಿ ಆಯ್ಕೆ ಸ್ಪರ್ಧೆಯ ಹಿಂದಿನ ಸಂಜೆ ಅವಳ ತೂಕ 47.2 ಕೆ.ಜಿ. ಹೆಸರು ಕೊಟ್ಟಿದ್ದು 46 ಕೆ.ಜಿ. ವಿಭಾಗಕ್ಕೆ. ಆ ರಾತ್ರಿ ನಾನು ಕಣ್ಣಾರೆ ಕಂಡದ್ದನ್ನು ತಮಗೆ ಹೇಳಬೇಕು. ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಎರಡು ಜಾಕೆಟ್ ತೊಟ್ಟು ಮೈದಾನ ಸುತ್ತಿದಳು. ಆಮೇಲೆ ಬಚ್ಚಲಲ್ಲಿ ಕುದಿಯುವ ನೀರಿನ ಬಕೆಟ್ಟುಗಳ ನಡುವೆ ಕಂಬಳಿ ಹೊದ್ದು ಕೂತಳು. ಬಾಯಲ್ಲಿ ಚೂಯಿಂಗ್ ಗಮ್, ಕೈಯಲ್ಲೊಂದು ಖಾಲಿ ಬಾಟಲಿ. ಎಂಜಲನ್ನು ನುಂಗದೆ ಅದರೊಳಗೆ ಉಗಿಯುತ್ತಿದ್ದಳು. ಮಧ್ಯರಾತ್ರಿಯ ಹೊತ್ತಿಗೆ ಉಗಿಯಲು ಎಂಜಲೂ ಬರಲಿಲ್ಲ. ‘ಅಪ್ಪಾ, ಬಾಯಿ ಮುಕ್ಕಳಿಸಿ ಉಗುಳಲಾ, ನುಂಗಲ್ಲ’ ಅಂದಳು. ಬೇಡ ಅಂದೆ. ಆ ಮಾತು ನನ್ನ ಬಾಯಿಂದ ಬಂತು. ಅದರ ಪಾಪ ನನ್ನದೇ. ತಮ್ಮ ಮೇಲೆ ಹಾಕುವುದಿಲ್ಲ.

ಬೆಳಿಗ್ಗೆ 45.9 ಬಂತು. ಸುತ್ತಲಿದ್ದವರು ಭೇಷ್ ಎಂದರು. ಎರಡು ತಾಸಿನ ನಂತರ ಮ್ಯಾಟಿನ ಮೇಲೆ ಅವಳ ಮೀನಖಂಡ ಹಿಡಿದುಕೊಂಡಿತು. ಕಾಲು ಚಾಚಲಾಗದೆ ಬಿದ್ದವಳನ್ನು ಎದುರಾಳಿ ಚಿತ್ ಮಾಡಿದಳು. ಅಲ್ಲಿ ವೈದ್ಯರಿರಲಿಲ್ಲ. ಉಪ್ಪು, ಸಕ್ಕರೆ, ನೀರು ಬೆರೆಸಿ ಕೊಟ್ಟವರು ಅಡುಗೆಯ ಹೆಂಗಸು. ತಾವು ಕೊಟ್ಟ ಮಾತುಗಳ ಬದಲಿಗೆ ಆ ಬೆಳಿಗ್ಗೆ ನನಗೆ ಕಂಡದ್ದು ಪೋಷಕರ ಮುಂದೆ ಚಾಚಿದ ಒಂದು ಕಾಗದ ಮಾತ್ರ. ಮಗುವಿಗೆ ಏನಾದರೂ ಆದರೆ ಸಂಘಟಕರು ಹೊಣೆಯಲ್ಲ ಎಂದು ಅದರಲ್ಲಿತ್ತು. ಆ ಕಾಗದ ತಲುಪುವಲ್ಲಿಗೆ ವೈದ್ಯರು ತಲುಪಲಿಲ್ಲವೇಕೆ?

ಒಂದು ರಾತ್ರಿಯಲ್ಲಿ ಹೋಗುವುದು ಕೊಬ್ಬಲ್ಲ, ಮಾನ್ಯರೇ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಸುಡಬೇಕು. ರಾತ್ರೋರಾತ್ರಿ ಹೋಗುವುದು ಮೈಯ ನೀರು. ನೀರು ಇಳಿದಂತೆ ರಕ್ತ ಗಟ್ಟಿಯಾಗುತ್ತದೆ, ಎದೆ ಬಡಿತ ಏರುತ್ತದೆ. ಬೆವರಲು ನೀರಿಲ್ಲದ ಮೈಯಲ್ಲಿ ಕಾವು ಒಳಗೇ ಉಳಿಯುತ್ತದೆ. ಇನ್ನು ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆಗೂ ಕೈಚಾಚುತ್ತಾರೆ. ಅದು ಉದ್ದೀಪನ ಮದ್ದಿನ ಪಟ್ಟಿಯಲ್ಲಿದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ತಾವು.

ಇದನ್ನು ತಡೆಯಲು ದಾರಿಯಿಲ್ಲ ಎಂದು ತಾವು ಹೇಳುವಂತಿಲ್ಲ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸಲು ಹೋಗಿ ಐದು ವಾರದೊಳಗೆ ಒಬ್ಬರ ಹಿಂದೊಬ್ಬರು ಸತ್ತರು. ಅಲ್ಲಿನ ಕಾಲೇಜು ಕ್ರೀಡೆಯ ಆಡಳಿತ ಮುಂದಿನ ಒಲಿಂಪಿಕ್ಸ್‌ವರೆಗೆ ಕಾಯಲಿಲ್ಲ. ಗಾಳಿಯಾಡದ ರಬ್ಬರ್ ಸೂಟು, ಸೌನಾ, ನೀರಿಳಿಸುವ ಮಾತ್ರೆ ಎಲ್ಲವನ್ನೂ ನಿಷೇಧಿಸಿತು. ತೂಕ ನೋಡುವ ವೇಳೆಯನ್ನು ಪಂದ್ಯದ ಹೊತ್ತಿಗೆ ಹತ್ತಿರ ತಂದಿತು. ಮೈಯಲ್ಲಿ ನೀರು ಸಾಕಷ್ಟಿದೆಯೇ ಎಂದು ಮೂತ್ರ ಪರೀಕ್ಷೆ ಮಾಡಿ, ಆಮೇಲೆ ಪ್ರತಿಯೊಬ್ಬರ ಕನಿಷ್ಠ ತೂಕ ಬರೆದಿಟ್ಟಿತು. ತಾವು ನಮ್ಮೂರ ವೇದಿಕೆಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಗೊತ್ತಿದ್ದೇ ಹೇಳಿದಿರಿ, ಗೊತ್ತಿದ್ದೇ ಬಿಟ್ಟಿರಿ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಅದೇ ಸಭೆಯಲ್ಲಿ, ಕಣ್ಣೊರೆಸಿಕೊಂಡ ಕರವಸ್ತ್ರ ಜೇಬಿಗೆ ಸೇರುವ ಮೊದಲೇ, ಅದೇ ಪ್ಯಾರಿಸ್‌ನಲ್ಲಿ ಕುಸ್ತಿಪಟು ಅಮನ್ ಸೆಹ್ರಾವತ್ ಹತ್ತು ತಾಸಿನಲ್ಲಿ 4.6 ಕೆ.ಜಿ. ಇಳಿಸಿ ಕಂಚು ಗೆದ್ದ ಕತೆ ಹೇಳಿ ‘ಇದು ತಪಸ್ಸು, ಕಲಿಯಿರಿ’ ಎಂದು ಮಕ್ಕಳಿಗೆ ಉಪದೇಶಿಸಿದಿರಿ. ಅಮನ್ ಇಪ್ಪತ್ತೊಂದರ ಗಂಡಾಳು. ಆ ರಾತ್ರಿ ತರಬೇತುದಾರರು ಕಣ್ಣು ಮುಚ್ಚದೆ ಅವರ ಜೊತೆಗಿದ್ದರು. ಮೊದಲ ಸಾಲಿನಲ್ಲಿ ಕೂತಿದ್ದವರು ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು. ವಿನೇಶರ ರಾತ್ರಿಯೂ ಅಮನರ ರಾತ್ರಿಯೂ ಒಂದೇ. 100 ಗ್ರಾಂ ಆಚೆ ನಿಂತರೆ ದುರಂತ, ಈಚೆ ನಿಂತರೆ ತಪಸ್ಸು ಎನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಮಗಳು ಆ ಬಾಟಲಿ ಹಿಡಿದದ್ದು ತಮ್ಮ ಮಾತು ಕೇಳಿ.

ಕೆಳಗಿನ ವಿಭಾಗಕ್ಕೆ ಇಳಿಯಲು ಮಕ್ಕಳನ್ನು ಯಾರೂ ಬಲವಂತ ಮಾಡುವುದಿಲ್ಲ ಎಂದು ತಮ್ಮ ಕಚೇರಿಯವರು ನನಗೆ ಫೋನಿನಲ್ಲಿ ಹೇಳಿದರು. ಆದರೆ ಪದಕ ಎಷ್ಟು ಬಂತು ಎಂದು ವರ್ಷಕ್ಕೊಮ್ಮೆ ತಾವು ವರದಿ ಕೇಳುತ್ತೀರಿ. ಕಡಿಮೆ ಬಂದರೆ ಮುಂದಿನ ವರ್ಷ ತರಬೇತುದಾರರ ಗುತ್ತಿಗೆ ನವೀಕರಣವಾಗುವುದಿಲ್ಲ. 49ರಲ್ಲಿ ಗಟ್ಟಿ ಹುಡುಗಿಯಿದ್ದಾಳೆ, ನೀನು 46ಕ್ಕೆ ಇಳಿ ಎಂದು ಆ ಮನುಷ್ಯ ಹೇಳಿದರೆ ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ನಾನು ಮಟ್ಟಿಯಲ್ಲಿ ಬೆಳೆದವನು. ನಮ್ಮ ಗರಡಿಯಲ್ಲಿ ತೂಕದ ಯಂತ್ರವೇ ಇರಲಿಲ್ಲ. ಮೈಸೂರು ದಸರಾ ಕುಸ್ತಿಗೆ ಇಂದಿಗೂ ಮುಂಚಿತವಾಗಿ ಜೋಡಿ ಕಟ್ಟುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, ಇವನಿಗೆ ಇವನು ಸಮ ಎಂದು ಹಿರಿಯರು ಹೇಳುತ್ತಾರೆ. ಆ ಪದ್ಧತಿಯಲ್ಲೂ ತಪ್ಪುಗಳಿದ್ದವು, ಪಕ್ಷಪಾತವೂ ಇತ್ತು. ಹಳೆಯದನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ತೂಕದ ವಿಭಾಗಗಳು ಬಂದದ್ದೇ ಸಮಬಲರು ಸೆಣಸಲಿ ಎಂದು. ಆದರೆ ಅಖಾಡಕ್ಕೆ ಕಳಿಸುವ ಮೊದಲು ನಮ್ಮ ವಸ್ತಾದರು ನಮ್ಮ ಮುಖ ನೋಡುತ್ತಿದ್ದರು. ಆಯ್ಕೆಯ ಆ ಬೆಳಿಗ್ಗೆ ಮೇಜಿನ ಹಿಂದೆ ಕೂತವರು ಅಂಕಿಯನ್ನಷ್ಟೇ ನೋಡಿ ಮುಂದಿನ ಹೆಸರು ಕೂಗಿದರು. ಮಗಳ ತುಟಿ ಬಿರಿದು ರಕ್ತ ಒಸರುತ್ತಿತ್ತು.

ನನ್ನ ಕೋರಿಕೆ ಸಣ್ಣದು. ಮುಂದಿನ ಆಯ್ಕೆಯ ದಿನ ಹಾರ, ಭಾಷಣದ ಹೊತ್ತಿಗಲ್ಲ, ಬೆಳಗಿನ ಐದು ಗಂಟೆಗೆ ಬನ್ನಿ. ಒಬ್ಬ ವೈದ್ಯರನ್ನು ಜೊತೆಗೆ ಕರೆತನ್ನಿ. ಯಂತ್ರದ ಪಕ್ಕ ನಿಂತು ಮಕ್ಕಳ ಮುಖ ನೋಡಿ.

ಮಗಳ ಹೆಸರನ್ನು ಈ ಸಲ 49ಕ್ಕೆ ಕೊಟ್ಟಿದ್ದೇನೆ. ಹಿಂದಿನ ರಾತ್ರಿ ಅವಳು ರೊಟ್ಟಿ ತಿಂದು, ನೀರು ಕುಡಿದು ಮಲಗುತ್ತಾಳೆ.

ಇಂತಿ,
ಕುಸ್ತಿ ಆಡುವ ಹುಡುಗಿಯೊಬ್ಬಳ ತಂದೆ