ರನ್ ಒತ್ತೋ ಮುಂಚೆ ಲಾರಿ ತೂಕ ನೋಡಿ
ಸಾಫ್ಟ್‌ವೇರ್ ಪಟ್ಟಿಯಲ್ಲಿ 'ಕ್ಲಾಸ್ 70ಆರ್' ಆರಿಸಿ ರನ್ ಕೊಟ್ರೆ ಸೇತುವೆ ಪ್ರಾಜೆಕ್ಟ್ ಮುಗೀತು ಅಂದ್ಕೊಳ್ತೀವಿ. ನನ್ನ ಪ್ರಕಾರ ಆ ವಾಹನವನ್ನ ಒಮ್ಮೆಯಾದ್ರೂ ನಾವೇ ಟೈಪ್ ಮಾಡಬೇಕು.

ಐಆರ್‌ಸಿ 6ರ ಪ್ರಕಾರ ಚಕ್ರದ 70ಆರ್‌ಗೆ 7 ಆಕ್ಸಲ್: 8, 12, 12, ಆಮೇಲೆ ನಾಲ್ಕು 17. ಒಟ್ಟು 100 ಟನ್. ಯೂನಿಟ್ ಕಿಲೋನ್ಯೂಟನ್ ಇದ್ದಾಗ ಇವೇ ಅಂಕಿ ಹಾಕಿದ್ರೆ ಲೋಡ್ ಸುಮಾರು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತೆ. ಎರರ್ ಬರಲ್ಲ, ಬೆಂಡಿಂಗ್ ಮೊಮೆಂಟ್ ಚಿತ್ರವೂ ನೀಟಾಗೇ ಇರುತ್ತೆ. ಅಪಾಯ ಇರೋದು ಅಲ್ಲೇ.

ಒಂದು ಪರೀಕ್ಷೆ ಮಾಡಿ. ಸೇತುವೆಯ ಸ್ವಂತ ತೂಕ, ಇಂಪ್ಯಾಕ್ಟ್ ಎರಡನ್ನೂ ಬಿಟ್ಟು, 20 ಮೀಟರ್ ಸಿಂಪ್ಲಿ ಸಪೋರ್ಟೆಡ್ ಸ್ಪ್ಯಾನ್ ಮೇಲೆ ಇಡೀ ವಾಹನ ನಿಲ್ಲಿಸಿ. ಎರಡೂ ಕಡೆಯ ರಿಯಾಕ್ಷನ್ ಕೂಡಿಸಿದ್ರೆ ಸುಮಾರು 981 ಕಿಲೋನ್ಯೂಟನ್ ಬರಬೇಕು. ಬರದಿದ್ರೆ ಡಿಸೈನ್‌ಗೆ ಕೈ ಹಾಕ್ಬೇಡಿ.